ಅಪ್ಪನ ಅತ್ತರಿಗೆ ಡಬ್ಬಿ ಮಾಡಿಸಿದ ಹನ್ನೊಂದು ತಿಂಗಳು

ಕಳೆದ ವಾರ ನಮ್ಮ ಅಂಗಡಿಯ ಹೆಸರು ಹೊತ್ತ ಮೊದಲ 400 ಅತ್ತರಿನ ಸೀಸೆಗಳು ತುಮಕೂರಿಗೆ ಬಂದಿಳಿದವು. ಒಂದೊಂದರ ಮೇಲೂ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಪದಾರ್ಥಗಳ ಪಟ್ಟಿ, ಬೆಲೆ ಎಲ್ಲವೂ ಇರಬೇಕಾದ ಜಾಗದಲ್ಲಿವೆ. ಇಷ್ಟಕ್ಕೆ ಹಿಡಿದದ್ದು ಹನ್ನೊಂದು ತಿಂಗಳು. ಸರಕಿಗೆ ಹಾಕಿದ ಬಂಡವಾಳ ಬಿಟ್ಟು ಖರ್ಚಾದದ್ದು ಸುಮಾರು 1,60,000 ರೂಪಾಯಿ. ಅದರಲ್ಲಿ ನಾಲ್ಕು ತಿಂಗಳು ಮತ್ತು 36,500 ರೂಪಾಯಿ, ಡಬ್ಬಿಯನ್ನು ಮೊದಲು ಮಾಡಿಸಿ ಮಿಕ್ಕದ್ದನ್ನು ಆಮೇಲೆ ನೋಡಿಕೊಂಡರಾಯಿತು ಎಂಬ ನನ್ನ ಆತುರಕ್ಕೆ ತೆತ್ತ ದಂಡ. ಇದೇ ದಾರಿಯಲ್ಲಿ ಹೊರಟವರು ಇನ್ನೂ ಕೆಲವರಿದ್ದಾರೆಂದು ಗೊತ್ತಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮಂಡಿಪೇಟೆಯಲ್ಲಿರುವುದು ಅಜ್ಜನ ಕಾಲದ ಗ್ರಂಥಿಗೆ ಅಂಗಡಿ. ಅರಿಸಿನ, ಕುಂಕುಮ, ಸಾಂಬ್ರಾಣಿ, ಪಚ್ಚಕರ್ಪೂರ, ನಾರುಬೇರುಗಳ ನಡುವೆ, ಗಲ್ಲಾದ ಹಿಂದಿನ ಗಾಜಿನ ಬೀರುವಿನಲ್ಲಿ ಏಳು ಅತ್ತರಿನ ಸೀಸೆಗಳು ಸಾಲಾಗಿ ನಿಂತಿರುತ್ತಿದ್ದವು: ಹೀನಾ, ಖಸ್, ಮಜ್ಮುವಾ, ಶಮಾಮಾ, ಕೇದಗೆ, ಮಳೆಗೆ ನೆನೆದ ಮಣ್ಣಿನ ವಾಸನೆಯ ಮಿಟ್ಟಿ, ಗಂಧ. ಗಿರಾಕಿ ಕೈ ಚಾಚಿದರೆ ಅಪ್ಪ ಗಾಜಿನ ಕಡ್ಡಿಯನ್ನು ಅದ್ದಿ, ಸೀಸೆಯ ಕಂಠಕ್ಕೆ ಒರೆಸಿ, ಮಣಿಕಟ್ಟಿನ ಮೇಲೆ ಒಂದು ಗೆರೆ ಎಳೆಯುತ್ತಾರೆ. ‘ಈಗಲೇ ಮೂಸಬೇಡಿ ಸ್ವಾಮಿ, ಪೇಟೆ ಒಂದು ಸುತ್ತು ಹಾಕಿ ಬನ್ನಿ, ಆಮೇಲೆ ಹೇಳಿ’ ಎನ್ನುತ್ತಾರೆ. ಕೊಳ್ಳುವವರೆಲ್ಲ ಹೆಚ್ಚುಕಡಿಮೆ ಗಂಡಸರೇ: ಮದುವೆಯ ಗಂಡುಗಳು, ಶುಕ್ರವಾರದ ನಮಾಜಿಗೆ ಹೊರಟವರು, ಜಾತ್ರೆಗೆ ಮೊದಲು ಬಂದು ಕಿವಿಯ ಸಂದಿಗೆ ಹತ್ತಿಯುಂಡೆ ಸಿಕ್ಕಿಸಿಕೊಂಡು ಹೋಗುವ ಹಳ್ಳಿಯ ಯಜಮಾನರು. ಈಚೆಗೆ ಅವರ ಮಕ್ಕಳು ಬರತೊಡಗಿದ್ದರು. ಅವರಿಗೆ ವಾಸನೆ ಹಿಡಿಸುತ್ತಿತ್ತು, ಆದರೆ ಹೆಸರಿಲ್ಲದ ಸೀಸೆಯನ್ನು ಕಾಗದದಲ್ಲಿ ಸುತ್ತಿಕೊಟ್ಟರೆ ಮುಖ ಬಾಡುತ್ತಿತ್ತು. ‘ಅಣ್ಣ, ಬಾಕ್ಸ್ ಇಲ್ವಾ? ಗಿಫ್ಟ್ ಕೊಡಬೇಕಿತ್ತು’ ಎಂಬ ಮಾತನ್ನು ಒಂದೇ ವಾರದಲ್ಲಿ ನಾಲ್ಕು ಸಲ ಕೇಳಿದ ಮೇಲೆ, ಯುಗಾದಿ ಕಳೆದ ಮರುದಿನ ನಾನು ಈ ಕೆಲಸಕ್ಕೆ ಕೈಹಾಕಿದೆ.

ಒಂದು ಹಾಳೆಯಲ್ಲಿ ಸರಕಿನ ಪಟ್ಟಿ ಬರೆದುಕೊಂಡೆ. ಏಳು ಅತ್ತರು, ಅವುಗಳ ಜೊತೆಗೆ ಸ್ಪ್ರೇ, ಗಡ್ಡ ಹೆರೆದ ಮೇಲೆ ಹಚ್ಚುವ ಲೋಷನ್, ಸೋಪು, ಅಗರಬತ್ತಿ, ಒಟ್ಟು ಹನ್ನೊಂದು. ಬೆಂಗಳೂರಿನ ಸುಲ್ತಾನ್‌ಪೇಟೆಯ ಕಡೆ ಪ್ರೆಸ್ಸುಗಳನ್ನು ಸುತ್ತಿ, ಮೆರೂನ್ ಬಣ್ಣದ ಮೇಲೆ ಚಿನ್ನದ ಫಾಯಿಲ್ ಒತ್ತಿದ ಡಬ್ಬಿಯನ್ನು ಒಪ್ಪಿದೆ. ಡಿಸೈನಿಗೆ 6,000, ಡೈ ಎಂಬ ಅಚ್ಚಿಗೆ 3,500, ಡಬ್ಬಿಯೊಂದಕ್ಕೆ 9 ರೂಪಾಯಿಯಂತೆ 3,000 ಡಬ್ಬಿಗೆ 27,000. ಸಾವಿರ ಸಾಕೆಂದು ಹೇಳಿದ್ದೆ. ಸಾವಿರಕ್ಕಾದರೆ ಒಂದಕ್ಕೆ 17 ಬೀಳುತ್ತದೆ ಎಂದಾಗ ಲೆಕ್ಕ ಹಾಕಿ ಮೂರು ಸಾವಿರಕ್ಕೆ ಒಪ್ಪಿಕೊಂಡೆ. ಅಂಥ ಲೆಕ್ಕಕ್ಕೆ ಯಾರೂ ಮರುಳಾಗಬೇಡಿ. ಮೊದಲ ಮುದ್ರಣದಲ್ಲಿ ತಪ್ಪು ಉಳಿದೇ ಇರುತ್ತದೆ, ಮತ್ತು 17ರ ಸಾವಿರ ಡಬ್ಬಿಯನ್ನು ಎಸೆಯುವುದು 9ರ ಮೂರು ಸಾವಿರವನ್ನು ಎಸೆಯುವುದಕ್ಕಿಂತ ಅಗ್ಗ.

ಡಬ್ಬಿ ಬಂದ ದಿನ ನಮ್ಮ ಲೆಕ್ಕ ನೋಡುವ ಆಡಿಟರಿಗೆ ಹೆಮ್ಮೆಯಿಂದ ಒಂದನ್ನು ತೋರಿಸಿದೆ. ಅವರು ತಿರುಗಿಸಿ ತಿರುಗಿಸಿ ನೋಡಿ, ‘ಚೆನ್ನಾಗಿದೆ ಕಣ್ರೀ, ಲೈಸೆನ್ಸ್ ನಂಬರ್ ಎಲ್ಲಿ?’ ಎಂದರು. ಅಂಗಡಿಗೆ ನಗರಪಾಲಿಕೆಯ ಟ್ರೇಡ್ ಲೈಸೆನ್ಸ್ ಇದೆ, ಜಿಎಸ್‌ಟಿ ಇದೆ, ಮತ್ತೇನು ಬೇಕು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಉತ್ತರ ಸಿಕ್ಕಿದ್ದು ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1940ರಲ್ಲಿ. ಮೈಗೆ ಹಚ್ಚಿಕೊಳ್ಳುವ ಸುಗಂಧವೂ ಕಾನೂನಿನ ಕಣ್ಣಿನಲ್ಲಿ ಕಾಂತಿವರ್ಧಕವೇ. ತಯಾರಿಕೆ ಎಂಬ ಮಾತಿನೊಳಗೆ ಬೇಯಿಸುವುದು, ಬೆರೆಸುವುದು ಮಾತ್ರವಲ್ಲದೆ ಪ್ಯಾಕ್ ಮಾಡುವುದು, ಲೇಬಲ್ ಅಂಟಿಸುವುದು ಕೂಡ ಸೇರುತ್ತದೆ. ಚಿಲ್ಲರೆ ವ್ಯಾಪಾರದ ಸಹಜ ಓಟದಲ್ಲಿ ಕಟ್ಟಿಕೊಡುವುದನ್ನಷ್ಟೇ ಹೊರಗಿಡಲಾಗಿದೆ. ಅಂದರೆ ಅಪ್ಪ ಗಿರಾಕಿಯ ಎದುರಿಗೆ ದೊಡ್ಡ ಸೀಸೆಯಿಂದ ಚಿಕ್ಕದಕ್ಕೆ ಬಗ್ಗಿಸಿ ಕೊಡುವಷ್ಟು ಹೊತ್ತು ಅದು ಅಂಗಡಿ. ಅದೇ ಅತ್ತರನ್ನು ನಾನು ಮುಂಚಿತವಾಗಿ ತುಂಬಿ, ಹೆಸರು ಅಂಟಿಸಿ, ಡಬ್ಬಿಯಲ್ಲಿಟ್ಟು ಮಾರಿದ ಕ್ಷಣದಿಂದ ಅದು ಕಾರ್ಖಾನೆ. ಅತ್ತರಿನ ಒಂದು ಹನಿಯೂ ಬದಲಾಗದೆ ಬರಿಯ ಡಬ್ಬಿಯಿಂದಲೇ ನಾವು ಇನ್ನೊಂದು ಬಗೆಯ ವ್ಯಾಪಾರಿಗಳಾಗುತ್ತೇವೆ ಎಂಬುದು ನನಗೆ ಅರ್ಥವಾಗಲು ಒಂದು ವಾರ ಬೇಕಾಯಿತು.

ಆ ಡಬ್ಬಿಯಲ್ಲಿ ಇದ್ದದ್ದು ಅದೊಂದೇ ತಪ್ಪಲ್ಲ. ಮುಂಬದಿಯಲ್ಲಿ ಚಿನ್ನದ ಅಕ್ಷರಗಳಲ್ಲಿ ‘ಒಂದು ತೊಲ’ ಎಂದು ಒತ್ತಿಸಿದ್ದೆ. ಅತ್ತರಿನ ಪೇಟೆಯಲ್ಲಿ ಇಂದಿಗೂ ತೊಲವೇ ನಡೆಯುವ ಮಾತು, ಆದರೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ಪ್ರಮಾಣವನ್ನು ಮೆಟ್ರಿಕ್ ಅಳತೆಯಲ್ಲಿ ಮಾತ್ರ ಹೇಳಬಹುದು. ತೊಲವೆಂದರೆ 11.66 ಗ್ರಾಂ ತೂಕ. ಗಂಧದೆಣ್ಣೆಯಂಥ ಎಣ್ಣೆಯ ಸಾಂದ್ರತೆ ನೀರಿಗಿಂತ ಸ್ವಲ್ಪ ಕಡಿಮೆ ಇರುವುದರಿಂದ ಅದು ಸೀಸೆಯಲ್ಲಿ ಸುಮಾರು 12 ಮಿಲಿಲೀಟರ್ ಆಗುತ್ತದೆ. ಪೇಟೆಯಲ್ಲಿ 3, 6, 12 ಮಿಲಿಲೀಟರಿನ ಸೀಸೆಗಳೇ ಯಾಕೆ ಸಿಗುತ್ತವೆ ಎಂಬ ಒಗಟು, ಕಾಲು, ಅರ್ಧ, ಒಂದು ತೊಲವೆಂದು ಓದಿಕೊಂಡಾಗ ಒಡೆಯುತ್ತದೆ. ಪ್ಯಾಕೇಜು ಸರಕುಗಳ 2011ರ ನಿಯಮಗಳು 10 ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ಇರುವ ಪೊಟ್ಟಣಗಳಿಗೆ ವಿನಾಯಿತಿ ಕೊಟ್ಟಿರುವುದರಿಂದ ಅರ್ಧ ತೊಲದ ಸೀಸೆ ಅದರಾಚೆ ಉಳಿಯುತ್ತದೆ, ಒಂದು ತೊಲದ್ದು ಒಳಗೆ ಬೀಳುತ್ತದೆ. ಒಳಗೆ ಬಿದ್ದದ್ದಕ್ಕೆ ತೆರಿಗೆ ಸೇರಿದ ಗರಿಷ್ಠ ಬೆಲೆ, ಒಂದು ಮಿಲಿಲೀಟರಿಗೆ ಎಷ್ಟು ಎಂಬ ಬೆಲೆ, ತಯಾರಾದ ತಿಂಗಳು ಮತ್ತು ವರ್ಷ, ದೂರು ಹೇಳಬೇಕಾದವರ ಫೋನು ಮತ್ತು ವಿಳಾಸ ಎಲ್ಲವೂ ಬೇಕು. ಪ್ಯಾಕ್ ಮಾಡುವವರು 90 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು, ಅದರ ಶುಲ್ಕ 500 ರೂಪಾಯಿ. ನಾನು ಎರಡೂ ಅಳತೆಗೆ ಒಂದೇ ರೀತಿ ಎಲ್ಲವನ್ನೂ ಮುದ್ರಿಸಿದ್ದೇನೆ. ವಿನಾಯಿತಿ ಇದೆಯೆಂದು ಅಂಗಡಿಯಲ್ಲಿ ನಿಂತು ವಾದಿಸುವುದಕ್ಕಿಂತ ನಾಲ್ಕು ಸಾಲು ಹೆಚ್ಚು ಅಚ್ಚು ಮಾಡುವುದು ಸುಲಭ.

ಮೂರನೆಯ ತಪ್ಪು ಮನಸ್ಸಿಗೆ ನೋವು ಕೊಟ್ಟದ್ದು. ಲೇಬಲ್ಲಿನ ಮೇಲೆ ಪದಾರ್ಥಗಳನ್ನು ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಎಂಬ ಕ್ರಮದಲ್ಲಿ ಬರೆಯಬೇಕಾದ್ದರಿಂದ, ಹಲವು ವರ್ಷಗಳಿಂದ ನಮಗೆ ಅತ್ತರು ಕೊಡುತ್ತಿದ್ದ ಸಗಟು ವ್ಯಾಪಾರಿಗೆ ಫೋನು ಮಾಡಿ ಅದರಲ್ಲಿ ಏನೇನಿದೆ ಎಂದು ಕೇಳಿದೆ. ‘ಎಲ್ಲ ಒಳ್ಳೇದೇ ಇದೆ, ನಿಮ್ಮ ತಂದೆಯವರಿಗೆ ಗೊತ್ತು’ ಎಂದರು. ಎರಡನೆಯ ಸಲ ಕೇಳಿದಾಗ ಫೋನೆತ್ತಲಿಲ್ಲ. ನಾನು ‘ಶುದ್ಧ ಶ್ರೀಗಂಧ’ ಎಂದು ಡಬ್ಬಿಯ ಮೇಲೆ ಹಾಕಿಸಿಬಿಟ್ಟಿದ್ದರಿಂದ ಆ ಸೀಸೆಯ ಒಂದು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದೆ. 3,500 ರೂಪಾಯಿ ಮತ್ತು ಹನ್ನೆರಡು ದಿನ. ನಮ್ಮ ನಾಡಿನ ಶ್ರೀಗಂಧದ ಎಣ್ಣೆಗಿರುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಆ ಎಣ್ಣೆಯ ಮುಖ್ಯ ಅಂಶವಾದ ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55ರವರೆಗೆ ಇರಬೇಕು. ನಮ್ಮದರಲ್ಲಿ ಶೇ 6 ಇತ್ತು. ಮಿಕ್ಕದ್ದರಲ್ಲಿ ದೊಡ್ಡ ಪಾಲು ಡೈಈಥೈಲ್ ಥಾಲೇಟ್ ಎಂಬ, ಸುಗಂಧವನ್ನು ತೆಳು ಮಾಡಲು ಬಳಸುವ ವಾಸನೆಯಿಲ್ಲದ ದ್ರವ.

ವರದಿಯನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಬೀರುವಿನಿಂದ ಗಂಧದ ಸೀಸೆಯನ್ನು ಇಳಿಸಿ, ಅದರ ಬಿರಡೆಯ ಸುತ್ತ ಬಟ್ಟೆ ಕಟ್ಟಿ, ಕೆಳಗಿನ ಅರೆಯಲ್ಲಿ ಹಳೆಯ ತಕ್ಕಡಿಯ ಹಿಂದೆ ಇಟ್ಟರು. ಈಗಲೂ ಅದು ಅಲ್ಲಿಯೇ ಇದೆ. ಲೀಟರು ಲೆಕ್ಕದಲ್ಲಿ ಗಂಧದ ಅತ್ತರು ಕೊಡುತ್ತೇವೆನ್ನುವವರನ್ನು ನಂಬುವ ಮೊದಲು ಒಂದು ಮಾತು ನೆನಪಿಡಿ: ನಿಜವಾದ ಶ್ರೀಗಂಧದ ಎಣ್ಣೆ ಕಿಲೋಗೆ ಲಕ್ಷ ರೂಪಾಯಿ ದಾಟುತ್ತದೆ.

ಹೀಗೆ ಆಷಾಢದಲ್ಲಿ ನಾನು ಕನೌಜಿಗೆ ಹೊರಟೆ. ಕಾನ್ಪುರದವರೆಗೆ ರೈಲು, ಅಲ್ಲಿಂದ ಬಸ್ಸು. ಅತ್ತರಿನ ಊರೆಂದು ಕೇಳಿದ್ದರೂ ಅಲ್ಲಿಯ ಬಟ್ಟಿ ಇಳಿಸುವ ಮನೆಗಳನ್ನು ಕಣ್ಣಾರೆ ನೋಡಿದ ಮೇಲೆಯೇ ಬೆಲೆಯ ಅರ್ಥ ತಿಳಿಯುತ್ತದೆ. ಡೇಗ್ ಎಂಬ ತಾಮ್ರದ ಹಂಡೆಯಲ್ಲಿ ಹೂವನ್ನೋ ಬೇರನ್ನೋ ನೀರಿನೊಡನೆ ತುಂಬಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಬಿದಿರಿನ ಕೊಳವೆಯ ಮೂಲಕ ಆವಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಭಪ್ಕಾ ಎಂಬ ಪಾತ್ರೆಗೆ ಇಳಿಸುತ್ತಾರೆ. ಭಪ್ಕಾದೊಳಗೆ ಮೊದಲೇ ಗಂಧದೆಣ್ಣೆ ಇದ್ದು ಅದು ಆವಿಯ ಪರಿಮಳವನ್ನು ಕುಡಿದರೆ ಅತ್ತರು. ಎಣ್ಣೆಯ ಆಸರೆಯಿಲ್ಲದೆ ಹೂವಿನ ಅಥವಾ ಬೇರಿನ ಎಣ್ಣೆಯನ್ನೇ ತೆಗೆದರೆ ಅದು ರೂಹ್. ಮಿಟ್ಟಿ ಅತ್ತರಿಗೆ ಹಂಡೆಯೊಳಗೆ ಹೋಗುವುದು ಸುಟ್ಟ ಮಣ್ಣಿನ ಬಿಲ್ಲೆಗಳು. ಖಸ್ ಎಂದರೆ ನಮ್ಮ ಲಾವಂಚವೇ, ಮತ್ತು ರೂಹ್ ಖಸ್ಸಿನ ಹಸಿರು ಬಣ್ಣ ತಾಮ್ರದ ಪಾತ್ರೆಯಿಂದ ಬರುವಂಥದ್ದು. ಬಣ್ಣ ಬೆರೆಸಿದ್ದೀರಿ ಎಂದು ಜಗಳಕ್ಕೆ ಬರುತ್ತಿದ್ದ ಗಿರಾಕಿಗಳಿಗೆ ಅಪ್ಪ ಇಷ್ಟು ವರ್ಷ ಏನೂ ಹೇಳಲಾಗದೆ ನಗುತ್ತಿದ್ದರು. ಈಗ ಡಬ್ಬಿಯೊಳಗಿನ ಚೀಟಿಯಲ್ಲಿ ಅದನ್ನು ಒಂದು ಸಾಲಿನಲ್ಲಿ ಬರೆದಿದ್ದೇನೆ.

ಪರೀಕ್ಷಾ ವರದಿಯೊಡನೆ ಸರಕು ಕೊಡುವವರನ್ನು ಹುಡುಕಲು ಮೂರು ದಿನ ಅಲ್ಲಿಯೇ ಉಳಿದೆ. ಗಂಧದೆಣ್ಣೆಯ ಮೇಲೆ ಇಳಿಸಿದ್ದು ನಮ್ಮ ಗಿರಾಕಿಯ ಜೇಬಿಗೆ ನಿಲುಕುವುದಿಲ್ಲವೆಂದು ಖಚಿತವಾದ್ದರಿಂದ ಬೇರೆ ಎಣ್ಣೆಯ ಮೇಲೆ ಇಳಿಸಿದ್ದನ್ನೇ ತೆಗೆದುಕೊಂಡು, ಆ ಎಣ್ಣೆಯ ಹೆಸರನ್ನು ಲೇಬಲ್ಲಿನಲ್ಲಿ ಮರೆಮಾಚದೆ ಹಾಕುವುದೆಂದು ತೀರ್ಮಾನಿಸಿದೆ. ಸ್ಪ್ರೇಗೆ ಸ್ಪಿರಿಟ್ ಬೇಕು, ಸ್ಪಿರಿಟ್ ಎಂದರೆ ಅಬಕಾರಿ ಇಲಾಖೆಯ ಅನುಮತಿ; ಅದೂ ಅಲ್ಲದೆ ನಮ್ಮ ಗಿರಾಕಿಗಳಲ್ಲಿ ಬಹಳ ಮಂದಿ ಆಲ್ಕೋಹಾಲ್ ಇಲ್ಲವೆಂಬ ಕಾರಣಕ್ಕೇ ಅತ್ತರನ್ನು ಹುಡುಕಿಕೊಂಡು ಬರುವವರು. ಸ್ಪ್ರೇ ಹೋಯಿತು. ಪರವಾನಗಿಯ ಶುಲ್ಕವು ಸರಕಿನ ವರ್ಗ ಮತ್ತು ಸಂಖ್ಯೆಯನ್ನು ಅನುಸರಿಸುವುದರಿಂದ ಸೋಪು, ಲೋಷನ್ ಕೂಡ ಹೋದವು. ಕೊನೆಗೆ ಉಳಿದದ್ದು ಮೂರು: ಬೇಸಿಗೆಗೆ ಖಸ್ ಮತ್ತು ಮಿಟ್ಟಿ, ಚಳಿಗೆ ಹೀನಾ. ಹನ್ನೊಂದರ ಪಟ್ಟಿ ಮೂರಕ್ಕಿಳಿದಾಗ ಬೇಜಾರಾಯಿತೆಂಬುದು ನಿಜ. ‘ಮಜ್ಮುವಾ ಇಲ್ಲದ ಅಂಗಡಿಯೂ ಒಂದು ಅಂಗಡಿಯೇನೋ’ ಎಂದು ಅಪ್ಪ ಒಂದು ವಾರ ಗೊಣಗಿದರು. ಅದನ್ನು ಅವರು ಹಳೆಯ ಪದ್ಧತಿಯಲ್ಲಿ ಈಗಲೂ ಚಿಲ್ಲರೆಯಾಗಿ ಕೊಡುತ್ತಿದ್ದಾರೆ.

ನಮ್ಮ ಅಂಗಡಿಯ ಅಟ್ಟದ ಮೇಲೆ ತಯಾರಿಕೆಯ ಪರವಾನಗಿ ಸಿಗುವ ಮಾತಿರಲಿಲ್ಲ. ಇಂಥವರಿಗೆಂದೇ ಕಾಂತಿವರ್ಧಕ ನಿಯಮಗಳು, 2020ರಲ್ಲಿ ಲೋನ್ ಲೈಸೆನ್ಸ್ ಎಂಬ ದಾರಿ ಇದೆ: ಈಗಾಗಲೇ ಪರವಾನಗಿ ಇರುವ ಘಟಕದಲ್ಲಿ ನಮ್ಮ ಹೆಸರಿನ ಸರಕನ್ನು ತಯಾರಿಸುವುದು. ಸ್ವಂತ ಘಟಕಕ್ಕೆ ಸಿಒಎಸ್-5 ನಮೂನೆಯ ಅರ್ಜಿ, ಲೋನ್ ಲೈಸೆನ್ಸಿಗೆ ಸಿಒಎಸ್-6. ಮಂಜೂರಾದರೆ ಸಿಗುವುದು ಸಿಒಎಸ್-9. ಹೆಸರಿನಲ್ಲಿ ಲೋನ್ ಇರುವುದರಿಂದ ಬ್ಯಾಂಕಿನ ಸಾಲವೆಂದುಕೊಂಡು ನಮ್ಮ ಭಾವ ಬಡ್ಡಿ ಎಷ್ಟೆಂದು ಕೇಳಿದ್ದರು. ಬೆಂಗಳೂರಿನ ಒಂದು ಘಟಕದವರು ಒಪ್ಪುವ ಮೊದಲು ಆರು ಘಟಕಗಳು ‘ನಾಲ್ಕುನೂರು ಸೀಸೆಗೆ ಯಂತ್ರ ತೊಳೆಯೋಕೂ ಆಗಲ್ಲ ಸಾರ್’ ಎಂದು ಕಳಿಸಿದ್ದವು. ಒಪ್ಪಿದವರು ಮುಂಗಡವಾಗಿ 25,000 ಇಟ್ಟುಕೊಂಡರು.

ಘಟಕದೊಡನೆ ಮಾಡಿಕೊಂಡ ಕರಾರು, ಅವರ ಪರವಾನಗಿಯ ಪ್ರತಿ, ಪ್ರತಿಯೊಂದು ಅತ್ತರಿನ ಪದಾರ್ಥಗಳ ವಿವರ, ತಾಂತ್ರಿಕ ಸಿಬ್ಬಂದಿಯ ಅರ್ಹತೆಯ ಪ್ರಮಾಣಪತ್ರ, ಲೇಬಲ್ಲಿನ ಕರಡು, ಗುರುತಿನ ಮತ್ತು ವಿಳಾಸದ ದಾಖಲೆಗಳು, ಇಷ್ಟನ್ನು ಸೇರಿಸಿ ಅರ್ಜಿ ಹಾಕಿದೆ. ತಾಂತ್ರಿಕ ಸಿಬ್ಬಂದಿಯೆಂದರೆ ದೊಡ್ಡ ವಿಜ್ಞಾನಿಯೇ ಬೇಕೆಂದು ಹೆದರಿದ್ದೆ. ಫಾರ್ಮಸಿ ಡಿಪ್ಲೊಮಾ ಆದವರು, ಅಥವಾ ರಸಾಯನಶಾಸ್ತ್ರವನ್ನು ಒಂದು ವಿಷಯವಾಗಿ ಓದಿ ಪಿಯುಸಿ ಮಟ್ಟದ ಪರೀಕ್ಷೆ ಪಾಸಾದವರು ಸಾಕು. ಘಟಕದಲ್ಲಿ ಅಂಥವರಿದ್ದರು. ಲೇಬಲ್ಲಿನ ಕರಡಿನ ವಿಷಯದಲ್ಲಿ ಮಾತ್ರ ಎಚ್ಚರವಾಗಿರಿ. ನಾನು ಮಂಡಿಪೇಟೆಯ ವಿಳಾಸವನ್ನು ದೊಡ್ಡದಾಗಿ ಹಾಕಿ ಘಟಕದ ಊರಿನ ಹೆಸರನ್ನಷ್ಟೇ ಕೆಳಗೆ ಬರೆದಿದ್ದೆ. ತಯಾರಾಗುವ ಜಾಗದ ಪೂರ್ಣ ವಿಳಾಸ ಬೇಕೆಂಬ ಆಕ್ಷೇಪಣೆ ಬಂದು, ತಿದ್ದಿ ಮತ್ತೆ ಸಲ್ಲಿಸುವ ಹೊತ್ತಿಗೆ ದಸರಾ ರಜೆಗಳು ಅಡ್ಡಬಂದು 23 ದಿನ ಹೋದವು. ಪರವಾನಗಿ ಕೈಗೆ ಬಂದದ್ದು ಅರ್ಜಿ ಹಾಕಿದ 71ನೇ ದಿನ.

ಆ ಕಾಯುವಿಕೆಯ ನಡುವೆ ಟ್ರೇಡ್‌ಮಾರ್ಕಿನದು ಬೇರೆಯ ಕಥೆ. ಸುಗಂಧದ್ರವ್ಯಗಳು ಬರುವುದು 3ನೇ ವರ್ಗದಲ್ಲಿ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ವರ್ಗವೊಂದಕ್ಕೆ 4,500 ರೂಪಾಯಿ, ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ನಾನು ಇಟ್ಟಿದ್ದ ಹೆಸರು ಗಂಧವನ್ನೇ ಹೇಳುವಂಥದ್ದು. ಸರಕಿನ ಗುಣವನ್ನೇ ವರ್ಣಿಸುವ ಹೆಸರನ್ನು ಒಬ್ಬರ ಸ್ವತ್ತಾಗಿ ಕೊಡಲಾಗದೆಂದು ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮಿನ ಅಡಿಯಲ್ಲಿ ಆಕ್ಷೇಪ ಬಂತು. ಉತ್ತರಕ್ಕೆ 30 ದಿನದ ಗಡುವು. ವಾದಿಸುವುದಕ್ಕೆ ವಕೀಲರು ಕೇಳಿದ ಮೊತ್ತವನ್ನು ನೋಡಿ ಆ ಹೆಸರನ್ನು ಬಿಟ್ಟು, ಪೇಟೆಯವರು ನಮ್ಮ ಅಜ್ಜನನ್ನು ಕರೆಯುತ್ತಿದ್ದ ಅಡ್ಡಹೆಸರಿಗೆ ಹೊಸ ಅರ್ಜಿ ಹಾಕಿದೆ. ಸಲ್ಲಿಸಿದ ಹೆಸರನ್ನು ಅದೇ ಅರ್ಜಿಯಲ್ಲಿ ಬದಲಾಯಿಸಲಾಗದು, ಇನ್ನೊಂದು 4,500 ಕಟ್ಟಲೇಬೇಕು. ಅದು ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾಗಿ, ನಾಲ್ಕು ತಿಂಗಳು ಯಾರೂ ವಿರೋಧಿಸದಿದ್ದರೆ ನೋಂದಣಿ. ಅಲ್ಲಿಯವರೆಗೆ ಹೆಸರಿನ ಪಕ್ಕದಲ್ಲಿ ಟಿಎಂ ಎಂದು ಹಾಕಬಹುದು, ವೃತ್ತದೊಳಗಿನ ಆರ್ ಗುರುತನ್ನು ಹಾಕುವಂತಿಲ್ಲ. ಹೆಸರು ಬದಲಾದ ದಿನ ಅಟ್ಟದ ಮೇಲಿನ ಮೆರೂನ್ ಡಬ್ಬಿಗಳಿಗೆ ಉಳಿದಿದ್ದ ಒಂದೇ ಆಸೆಯೂ ಹೋಯಿತು. ಸ್ಟಿಕ್ಕರ್ ಅಂಟಿಸಿ ಬಳಸಬಹುದೇನೋ ಎಂದುಕೊಂಡಿದ್ದೆ.

ಇನ್ನು ಸೀಸೆಯ ವಿಷಯ. ಇದನ್ನು ಯಾವ ಕಾಯ್ದೆಯೂ ಹೇಳಿಕೊಡುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲು ತರಿಸಿದ್ದು ಉರುಳುಗುಂಡಿನ ರೋಲ್‌ಆನ್ ಸೀಸೆ. ಮಿಟ್ಟಿ ಅತ್ತರು ತುಂಬಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬೆಳಗಿನ ರೈಲಿನಲ್ಲಿ ಯಶವಂತಪುರಕ್ಕೆ ಹೋದೆ. ದಾಬಸ್‌ಪೇಟೆ ದಾಟುವ ಹೊತ್ತಿಗೆ ಎದುರು ಕೂತಿದ್ದ ಹಿರಿಯರು ಕಿಟಕಿಯಾಚೆ ಇಣುಕಿ, ‘ಎಲ್ಲೋ ಮಳೆ ಬಂದಂಗಿದೆ’ ಎಂದರು. ಮಳೆ ಬಂದದ್ದು ನನ್ನ ಜೇಬಿನೊಳಗೆ. ಗುಂಡನ್ನು ಹಿಡಿದಿರುವ ಪ್ಲಾಸ್ಟಿಕ್ ಬಳೆ ಎಣ್ಣೆಯಲ್ಲಿ ಉಬ್ಬಿ ಸಡಿಲಾಗಿತ್ತು. ಅಂದಿನಿಂದ ಯಾವುದೇ ಮುಚ್ಚಳ, ಬಿರಡೆ, ಬಳೆ ಬಂದರೂ ನಾನು ಮಾಡುವುದು ಒಂದೇ: ಅದನ್ನು ಅದೇ ಅತ್ತರಿನಲ್ಲಿ ಮುಳುಗಿಸಿ 15 ದಿನ ಇಡುತ್ತೇನೆ, ಸೀಸೆಯನ್ನು ತುಂಬಿ ತಲೆಕೆಳಗಾಗಿ ಬಿಳಿ ಕಾಗದದ ಮೇಲೆ ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿಯಲ್ಲಿ ನಿಲ್ಲಿಸುತ್ತೇನೆ. ಚಿನ್ನದ ಬಣ್ಣದ, ನೋಡಲು ಚಂದವಾದ ಒಂದು ಮುಚ್ಚಳವು ಒಂಬತ್ತನೆಯ ದಿನ ಕೂದಲೆಳೆಯಂಥ ಬಿರುಕು ಬಿಟ್ಟು, ಹತ್ತನೆಯ ದಿನ ಬೆರಳಿಗೆ ಜಿಗುಟಾಗಿ ಅಂಟಿತು.

ಖಸ್ಸಿನದು ಇನ್ನೊಂದು ರಗಳೆ. ಅದು ಮಂದ, ಚಳಿಗೆ ಇನ್ನೂ ಮಂದವಾಗಿ ಗುಂಡು ಉರುಳುವುದೇ ಇಲ್ಲ. ಆದ್ದರಿಂದ ಖಸ್ ಮತ್ತು ಹೀನಾಕ್ಕೆ ಮುಚ್ಚಳದಲ್ಲಿಯೇ ಗಾಜಿನ ಕಡ್ಡಿ ಇರುವ ಸೀಸೆಯನ್ನು ಆರಿಸಿದೆ, ಮಿಟ್ಟಿಗೆ ಮಾತ್ರ ಉಕ್ಕಿನ ಗುಂಡು. ಕಡ್ಡಿಯನ್ನು ಕಂಡ ಅಪ್ಪನಿಗೆ ಆದಷ್ಟು ಸಂತೋಷ ನನ್ನ ಮಿಕ್ಕ ಯಾವ ಕೆಲಸದಿಂದಲೂ ಆಗಲಿಲ್ಲ. ಲೇಬಲ್ಲಿನ ಶಾಯಿ ಎಣ್ಣೆ ಕೈ ತಾಗಿದರೆ ಏಳುವುದರಿಂದ ಲ್ಯಾಮಿನೇಟ್ ಮಾಡಿದ್ದನ್ನೇ ಕೇಳಿ. ಪರವಾನಗಿ ಸಂಖ್ಯೆ, ಬ್ಯಾಚ್, ತಿಂಗಳು, ಬೆಲೆ ಇವಿಷ್ಟರ ಜಾಗವನ್ನು ಖಾಲಿ ಬಿಡಿಸಿ, ತುಂಬುವ ದಿನ ಯಂತ್ರದಿಂದ ಒತ್ತಿಸಿದರೆ ಡಬ್ಬಿ ರದ್ದಿಯಾಗುವ ಭಯವಿರುವುದಿಲ್ಲ.

ಬಳಸಲು ಕೊನೆಯ ದಿನಾಂಕವನ್ನು ಹಾಕುವಾಗ ಅಪ್ಪನಿಗೂ ನನಗೂ ಸಣ್ಣ ವಾದವಾಯಿತು. ‘ಅತ್ತರಿಗೆ ವಯಸ್ಸಾದಷ್ಟೂ ಬೆಲೆ ಕಣಯ್ಯ, ಅದಕ್ಕೇನು ಸಾಯೋ ತಾರೀಕು?’ ಎಂದರು. ಹೀನಾ ಹಳೆಯದಾದಷ್ಟೂ ಮಾಗುತ್ತದೆಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ನಿಯಮ ಹೀನಾವನ್ನು ಬೇರೆಯಾಗಿ ನೋಡುವುದಿಲ್ಲ. ಘಟಕದವರ ಸಲಹೆಯಂತೆ 36 ತಿಂಗಳೆಂದು ಹಾಕಿದೆವು.

ಈಗಿನ ಲೆಕ್ಕ ಹೀಗಿದೆ. 12 ಮಿಲಿಲೀಟರಿನ ಖಸ್ಸಿಗೆ ಶೇ 18ರ ಜಿಎಸ್‌ಟಿ ಸೇರಿ 480 ರೂಪಾಯಿ, ಅಂದರೆ ಮಿಲಿಲೀಟರಿಗೆ 40. ಅದರಲ್ಲಿ ಸೀಸೆ, ಡಬ್ಬಿ, ಲೇಬಲ್ಲಿಗೇ 61 ರೂಪಾಯಿ ಹೋಗುತ್ತದೆ. ಹೊರ ಊರಿಗೆ ಕಳಿಸುವುದು ಇನ್ನೂ ಸಲೀಸಾಗಿಲ್ಲ. ಪರ್ಫ್ಯೂಮ್ ಎಂದರೆ ಉರಿಯುವ ಸರಕೆಂದು ಕೊರಿಯರಿನವರು ವಿಮಾನದಲ್ಲಿ ಒಯ್ಯಲು ಒಪ್ಪುವುದಿಲ್ಲ, ಇದರಲ್ಲಿ ಆಲ್ಕೋಹಾಲ್ ಇಲ್ಲವೆಂಬ ಘಟಕದ ಪತ್ರವನ್ನು ತೋರಿಸಿದರೆ ಕೆಲವರು ರಸ್ತೆಯ ಮೂಲಕ ಒಯ್ಯುತ್ತಾರೆ. ಮೊದಲ ವಾರದಲ್ಲಿ 112 ಸೀಸೆ ಹೋದವು, ಹೆಚ್ಚಿನವು ಮಿಟ್ಟಿ. ಹಳೆಯ ಮೆರೂನ್ ಡಬ್ಬಿಗಳ ಒಳಮೈ ಬೆಳ್ಳಗಿರುವುದರಿಂದ ಅಪ್ಪ ಅವನ್ನು ಬಿಡಿಸಿ, ಹಿಂದೆ ಚೀಟಿ ಬರೆಯಲು ಬಳಸುತ್ತಿದ್ದಾರೆ. ಎರಡನೆಯ ಬ್ಯಾಚಿಗೆ ಬೇರೊಂದು ಕಡೆಯಿಂದ ಮುಚ್ಚಳ ತರಿಸಿದ್ದೇನೆ. ಅದು ನಿನ್ನೆಯಿಂದ ಖಸ್ಸಿನಲ್ಲಿ ಮುಳುಗಿದೆ, ಹದಿನೈದು ದಿನ ಕಳೆಯುವವರೆಗೆ ಪ್ರೆಸ್ಸಿನವರಿಗೆ ಫೋನು ಮಾಡುವುದಿಲ್ಲ.